ಮಗ್ಗಲ ಹೊಲದವನು ಏನು ಮಾಡುತ್ತಾನೆ

ಪಂಚಾಯಿತಿ ಕೆಲಸಕ್ಕೆ ಹೊಸದಾಗಿ ಸೇರಿದವರು ಆಗಾಗ ಸಿಂಧನೂರಿನ ನಮ್ಮ ಮನೆಗೆ ಬರುತ್ತಾರೆ. ಮುಂದಿನ ಐದು ವರ್ಷದ ಯೋಜನೆ ಬರೆಯಬೇಕಂತೆ, ಊರು ಹೇಗೆ ಬೆಳೆಯುತ್ತದೆ, ಏನೇನು ಬೇಕಾಗುತ್ತದೆ ಎಂದು ಮೊದಲೇ ತಿಳಿಯಬೇಕಂತೆ. ನೀವು ಹೇಗೆ ಬರೆಯುತ್ತಿದ್ದಿರಿ ಎಂದು ಕೇಳುತ್ತಾರೆ. ನಾನು ಚಹಾ ಕುಡಿಸಿ, ಒಂದು ನಗೆಯ ಕಥೆ ಹೇಳಿ, ಚೆನ್ನಾಗಿ ಬರೆಯಿರಿ ಎಂದು ಕಳಿಸುತ್ತಿದ್ದೆ. ಆ ಕೆಲಸವನ್ನು ನಾನು ಹೇಗೆ ಮಾಡಿದೆ ಎಂದು ಹೇಳಲು ಹೊರಟರೆ ಒಂದು ಮನೆಯ ಒಳಕಲ್ಲಿನ ಮಾತು ಬರುತ್ತದೆ. ಅದನ್ನು ಹೇಳುವ ಧೈರ್ಯ ಇರಲಿಲ್ಲ. ಈಗ ವಯಸ್ಸಾಯಿತು, ಬರೆದು ಬಿಡುತ್ತೇನೆ.

ನಾನು ಓದಿದ್ದು ಮ್ಯಾಟ್ರಿಕ್‌ವರೆಗೆ. ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಲಿಂಗಸುಗೂರಿನ ಒಂದು ಕಚೇರಿಯಲ್ಲಿ ಗುಮಾಸ್ತನಾಗಿ ಸೇರಿದೆ. ನನ್ನ ಮೊದಲ ಗುರು ಹೆಡ್ ಕ್ಲರ್ಕ್ ಖಾಜಾಸಾಬರು. ದಪ್ಪ ಕನ್ನಡಕ, ಜೇಬಿನಲ್ಲಿ ಎಲೆ ಅಡಿಕೆ ಚೀಲ, ಬಾಯಲ್ಲಿ ಎಂದೂ ಸಿಟ್ಟಿನ ಮಾತಿಲ್ಲ. ಬರುವ ವರ್ಷ ಯಾವ ಹಳ್ಳಿಗೆ ಏನು ಬೇಕು ಎಂದು ಬರೆಯುವ ಕೆಲಸ ನನಗೆ ಬಂದಾಗ, ಹಳ್ಳಿಗಳಿಗೆ ಹೋಗಿ ಕೇಳಿ ಬರಲೇ ಎಂದೆ. ಅವರು ನಕ್ಕರು.

"ತಮ್ಮಾ, ಮುಂದಿನ ವರ್ಷ ಏನಾಗ್ತದ ಅಂತ ಅಲ್ಲಾಗ ಗೊತ್ತು. ಹೋದ ವರ್ಷ ಏನ್ ಬರದೀವಿ ಅಂತ ನನಗ ಗೊತ್ತು. ನೀ ನನ್ನ ಕೇಳು."

ಹಾಗೆಯೇ ಮಾಡಿದೆ. ಹೋದ ವರ್ಷದ್ದನ್ನು ತೆಗೆದು, ಎಲ್ಲದಕ್ಕೂ ಸ್ವಲ್ಪ ಸ್ವಲ್ಪ ಏರಿಸಿ, ವರ್ಷ ಬದಲಿಸಿ ಬರೆದೆ. ಸಾಹೇಬರು ಓದದೆ ಸಹಿ ಹಾಕಿದರು. ಅಕ್ಷರ ಚೆಂದ ಇವೆ ಎಂದು ಮಾತ್ರ ಹೇಳಿದರು.

ಇದರ ಫಲ ಮುದಗಲ್ ಕಡೆಯ ಒಂದು ಹಳ್ಳಿಯಲ್ಲಿ ಕಣ್ಣಿಗೆ ಬಿತ್ತು. ಅಲ್ಲಿಯ ಮೆಟ್ಟಿಲು ಬಾವಿಯ ಪಾವಟಿಗೆಗಳು ಕುಸಿದಿವೆ, ದುರಸ್ತಿ ಆಗಬೇಕು ಎಂದು ಯಾವ ಕಾಲದಿಂದಲೋ ಬರೆದುಕೊಂಡು ಬರುತ್ತಿದ್ದರು. ನಾನೂ ಬರೆದೆ. ಆ ವರ್ಷ ಅದು ಮಂಜೂರಾಯಿತು. ಯಮನೂರಪ್ಪ ಎಂಬ ಗೌಂಡಿ ಪಾವಟಿಗೆಗಳನ್ನು ಗಟ್ಟಿಯಾಗಿ ಕಟ್ಟಿದ. ಆಗ ನಮ್ಮ ಕಡೆ ನಾರುಹುಣ್ಣಿನ ಕಾಟ. ಕಾಲಿನ ಹುಣ್ಣಿನಿಂದ ದಾರದಂಥ ಹುಳು ಹೊರಬರುತ್ತಿತ್ತು. ಹುಣ್ಣಾದವರು ಬಾವಿಗೆ ಇಳಿದರೆ ಅದು ನೀರಿಗೆ ಸೇರಿ, ಕುಡಿದವರಿಗೆಲ್ಲ ಅಂಟುತ್ತಿತ್ತು. ಆದ್ದರಿಂದ ಯಾರೂ ನೀರಿಗೆ ಇಳಿಯದಂತೆ ಮೆಟ್ಟಿಲು ಬಾವಿಗಳ ಪಾವಟಿಗೆ ಒಡೆದು, ಸುತ್ತ ಕಟ್ಟೆ ಕಟ್ಟಿ, ಸೇದುವ ಬಾವಿ ಮಾಡಬೇಕೆಂದು ಇನ್ನೊಂದು ಇಲಾಖೆಯವರು ಹೊರಟಿದ್ದರು. ಅವರ ಕಚೇರಿಗೂ ನಮ್ಮ ಕಚೇರಿಗೂ ನಡುವೆ ಇದ್ದದ್ದು ಒಂದು ಬೇವಿನ ಮರ. ಅವರು ಪಾವಟಿಗೆ ಒಡೆಯಲು ಗೌಂಡಿ ಹುಡುಕಿದಾಗ ಸಿಕ್ಕವನೂ ಯಮನೂರಪ್ಪನೇ.

ಅವನು ಕಚೇರಿಗೆ ಬಂದು ನನ್ನ ಮುಂದೆ ಕೂತು, ನಗದೆ ಹೇಳಿದ: "ಹೋದ ತಿಂಗಳ ಕಟ್ಟಂದ್ರಿ, ಕಟ್ಟೀನಿ. ಈ ತಿಂಗಳ ಕೆಡವಂದಾರ, ಕೆಡವಾಕತ್ತೀನಿ. ಬರೂ ತಿಂಗಳದ್ದು ಈಗ ಹೇಳಿಬಿಡ್ರಿ, ಅರ್ಧಾ ಕೆಡವಿ ಬಿಟ್ಟಿರ್ತೀನಿ."

ಕಚೇರಿಯೆಲ್ಲ ನಕ್ಕಿತು, ನಾನೂ ನಕ್ಕೆ. ಹೊಸಬರಿಗೆ ಈ ಕಥೆಯನ್ನು ಮಾತ್ರ ಹೇಳುತ್ತಿದ್ದೆ, ಏಕೆಂದರೆ ಇದರಲ್ಲಿ ನನ್ನ ತಪ್ಪು ಸಣ್ಣದು. ದೊಡ್ಡದು ಸಿಂಧನೂರಿನಲ್ಲಿ ಆಯಿತು.

ಸಿಂಧನೂರಿಗೆ ವರ್ಗವಾದದ್ದು ನನಗೆ ಅನುಕೂಲವೇ. ನಮ್ಮ ಊರು ಸಾಲಗುಂದದ ದಾರಿಯಲ್ಲಿ ಬರುವ ಸಣ್ಣ ಹಳ್ಳಿ. ಅಲ್ಲಿ ನನ್ನ ಅಣ್ಣ ಚನ್ನಬಸಪ್ಪ ಹೊಲ ನೋಡಿಕೊಂಡಿದ್ದ. ಹೊಲ ಇಬ್ಬರದೂ ಒಟ್ಟಿಗೆ ಇತ್ತು. ಕಾಲುವೆ ನೀರು ಬರುತ್ತಿತ್ತಾದರೂ ಸರ್ಕಾರದ ಕಾಗದದಲ್ಲಿ ನಮ್ಮ ಭಾಗ ಜೋಳಕ್ಕೆ, ಹತ್ತಿಗೆ ಮಾತ್ರ. ಭತ್ತ ಬೆಳೆಯುವಂತಿರಲಿಲ್ಲ. ಭತ್ತಕ್ಕೆ ನಾವು ನೆಲ್ಲು, ನಾಟಿ ಮಾಡುವುದಕ್ಕೆ ಹಚ್ಚುವುದು ಎನ್ನುತ್ತೇವೆ. ನೆಲ್ಲಿಗೆ ತಿಂಗಳುಗಟ್ಟಲೆ ನೀರು ನಿಲ್ಲಿಸಬೇಕು. ನಿಂತ ನೀರು ನೆಲದೊಳಗೆ ಬಸಿದು ಕೆಳಗಿನ ಜಾಗದಲ್ಲಿ ಏಳುತ್ತದೆ. ಕೆಳಗಿನ ನೆಲ ನೀರು ಹಿಡಿದು ಜವಳಾಗುತ್ತದೆ, ಉಪ್ಪು ಮೇಲೆ ಬಂದು ಸವಳಾಗುತ್ತದೆ. ಇದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಕಾಗದದಲ್ಲಿ ಜೋಳ, ಹೊಲದಲ್ಲಿ ನೆಲ್ಲು. ಅದೂ ಎಲ್ಲರಿಗೂ ಗೊತ್ತು.

ನಮ್ಮ ಊರಿನ ಮನೆಯಿಲ್ಲದ ಕೂಲಿಗಳಿಗೆ ಮನೆ ಕಟ್ಟಿಸಿಕೊಡುವ ಯೋಜನೆ ಬಂತು. ಜಾಗ ಎರಡಿದ್ದವು. ಒಂದು ಊರಿಗೆ ಹತ್ತಿರ, ನಮ್ಮ ಹೊಲದ ಕೆಳಗಿನ ಸಮ ನೆಲ. ಇನ್ನೊಂದು ದೂರದ ಕಲ್ಲು ದಿಬ್ಬ. ಹತ್ತಿರದ ಜಾಗಕ್ಕೆ ಬಸಿ ನೀರಿನ ಭಯ ಇದೆಯೇ ಇಲ್ಲವೇ ಎಂದು ಬರೆದು ಕೊಡು ಎಂದು ಆಗಿನ ಸಾಹೇಬರು ನನಗೆ ಹೇಳಿದರು. ಊರಿನವನಲ್ಲವೇ, ನಿನಗೆ ತಿಳಿದಿರುತ್ತದೆ ಎಂದರು.

ತಿಳಿದಿತ್ತು. ಆ ಹಿಂದಿನ ವಾರವೇ ಅಣ್ಣ ಹೊಲವನ್ನು ಸಮ ಮಾಡಿ ನೆಲ್ಲಿಗೆ ಮಡಿ ಕಟ್ಟುತ್ತಿದ್ದ. ಬದು ನೇರ ಬರಲಿ ಎಂದು ಹಗ್ಗ ಹಿಡಿದಿದ್ದೆವು. ಒಂದು ತುದಿ ಅವನ ಕೈಯಲ್ಲಿ, ಇನ್ನೊಂದು ನನ್ನ ಕೈಯಲ್ಲಿ. ಬಸಿ ನೀರು ಬರುತ್ತದೆ ಎಂದು ಬರೆದರೆ, ಮೇಲೆ ನೆಲ್ಲು ಹಚ್ಚುವವರು ಯಾರು ಎಂದು ಕೇಳುತ್ತಾರೆ. ನಾನು ಬರೆದೆ: ಮೇಲ್ಭಾಗದ ಜಮೀನು ಜೋಳ, ಹತ್ತಿಗೆ ಸೇರಿದ್ದು, ಬಸಿ ನೀರಿನ ಭಯವಿಲ್ಲ. ಕಾಗದದ ಪ್ರಕಾರ ಅದು ಸುಳ್ಳಾಗಿರಲಿಲ್ಲ. ಹಾಗಂತ ಆ ಹೊತ್ತು ಸಮಾಧಾನ ಮಾಡಿಕೊಂಡೆ.

ಮನೆಗಳಾದವು. ನಮ್ಮ ಹೊಲಕ್ಕೆ ಹತ್ತಿದ ಮೂಲೆಯ ಮನೆ ಗಂಗಮ್ಮನಿಗೆ ಬಂತು. ನಮ್ಮ ಹೊಲದಲ್ಲಿ ನೆಲ್ಲು ಹಚ್ಚುವ ಹೆಣ್ಣುಮಕ್ಕಳ ಗುಂಪಿಗೆ ಅವಳೇ ಮುಂದಾಳು. ಗಂಡ ಹಮಾಲಿ, ಸಿಂಧನೂರಿನ ರೈಸ್ ಮಿಲ್ಲಿನಲ್ಲಿ ಚೀಲ ಹೊರುತ್ತಿದ್ದ. ಅಲ್ಲಿಯವರೆಗೆ ಇವರು ಪರರ ಜಾಗದ ಗುಡಿಸಲಲ್ಲಿ ಇದ್ದವರು. ಮನೆಗೆ ಹೋದ ವಾರವೇ ಗಂಗಮ್ಮ ಖಾರ ಅರೆಯುವ ಒಳಕಲ್ಲು ತರಿಸಿ, ಅಡಿಗೆ ಮೂಲೆಯ ನೆಲದಲ್ಲಿ ಹುಗಿಸಿದಳು. ನಮ್ಮ ಕಡೆ ಗುಡಿಸಲಲ್ಲಿ ಯಾರೂ ಒಳಕಲ್ಲು ಹುಗಿಯುವುದಿಲ್ಲ. ಎಬ್ಬಿಸಿದರೆ ಬಿಟ್ಟು ಹೋಗಬೇಕಲ್ಲ. ದಾರಿಯಲ್ಲಿ ಕಂಡವಳು ನನ್ನನ್ನು ಕರೆದು ತೋರಿಸಿದಳು. "ಇನ್ನ ನನ್ನ ಯಾರ ಎಬ್ಬಸ್ತಾರ್ರೀ, ಗೌಡ್ರ? ಕಲ್ಲ ಹುಗದೀನಿ."

ಎರಡು ಮೂರು ಸುಗ್ಗಿ ಕಳೆದ ಮೇಲೆ ಮತ್ತೆ ಕರೆದಳು. ಗೋಡೆಯ ಬುಡದಲ್ಲಿ ಸುಣ್ಣ ಚೆಲ್ಲಿದ ಹಾಗೆ ಉಪ್ಪು ಎದ್ದಿತ್ತು. ಒಳಕಲ್ಲಿನ ಕುಳಿಯಲ್ಲಿ ನೀರು ನಿಂತಿತ್ತು. ಅವಳು ಅರಿವೆಯಿಂದ ಒರೆಸಿ ತೆಗೆದಳು. ನಾವು ನೋಡುತ್ತಾ ನಿಂತಂತೆ ಮತ್ತೆ ಒಸರಿತು. ಅವಳು ನನ್ನನ್ನು ಬೈಯಲಿಲ್ಲ. ಯಾಕೆ ಹೀಗೆ ಎಂದು ಕೇಳಿದಳು. ನೋಡೋಣ ಎಂದೆ. ಹಿತ್ತಲ ಆಚೆ ನಮ್ಮ ನೆಲ್ಲು ಹಸಿರಾಗಿ ನಿಂತಿತ್ತು. ಹಚ್ಚಿದವಳು ಅವಳೇ.

ಆ ಹೊತ್ತಿಗೆ ಮಂಡಲ ಪಂಚಾಯಿತಿಗಳು ಬಂದಿದ್ದವು. ನಮ್ಮ ಕಚೇರಿಗೆ ಹೊಸ ಬಿಡಿಓ ಬಂದರು, ಶಂಕ್ರಪ್ಪ ಸಾಹೇಬರು. ಗಿಡ್ಡ ಆಳು, ಜೀಪು ಕೆಟ್ಟರೆ ಬಸ್ಸು ಹತ್ತುವವರು. ಮುಂದಿನದನ್ನು ಯೋಚಿಸುವುದು ಎಂದರೇನು ಎಂದು ನಾನು ಅವರಿಂದ ಕಲಿತೆ.

ಒಂದು ಹಳ್ಳಿಯಲ್ಲಿ ಕುಡಿಯುವ ನೀರಿಗೆ ಬೋರಿಂಗ್ ಹಾಕಬೇಕಿತ್ತು. ಮುಂದೆ ಸವಳಾಗದ ಜಾಗ ಬೇಕಿತ್ತು. ಅದು ತಿಳಿಯಬೇಕಾದರೆ ಎಲ್ಲೆಲ್ಲಿ ನೆಲ್ಲು ಬರುತ್ತದೆ ಎಂದು ತಿಳಿಯಬೇಕು. ಸಾಹೇಬರು ಶಾಲೆಯ ಬಂಡೆಗಲ್ಲಿನ ಮೇಲೆ ಸೀಮೆಸುಣ್ಣದಿಂದ ಊರಿನ ಹೊಲಗಳನ್ನು ಬರೆಸಿ, ಒಂದು ಬಟ್ಟಲು ನೆಲ್ಲು ತರಿಸಿದರು. ನೆಲ್ಲು ಹಚ್ಚುವವರು ತಮ್ಮ ಹೊಲದ ಮೇಲೆ ಒಂದು ಕಾಳು ಇಡಿ ಎಂದರು. ಒಬ್ಬರೂ ಇಡಲಿಲ್ಲ. ಎಲ್ಲರೂ ಜೋಳದವರೇ.

ಸಾಹೇಬರು ಸಿಟ್ಟಾಗಲಿಲ್ಲ. "ಆತು. ನಿಮ್ಮದು ಬಿಡ್ರಿ. ನಿಮ್ಮ ಮಗ್ಗಲ ಹೊಲದವ ಏನ್ ಮಾಡ್ತಾನ?" ಎಂದರು.

ಒಬ್ಬ ಎದ್ದು, ಪಕ್ಕದಲ್ಲಿ ಕೂತವನ ಕಡೆ ಕೈ ಮಾಡಿದ. "ನಾ ಹಚ್ಚಂಗಿಲ್ರೀ. ಇವ ಹಚ್ತಾನ. ಆಗಲೇ ಮಡಿ ಕಟ್ಟ್ಯಾನ."

"ಲೇ, ನಿನ್ನ ಮಡಿ ನೋಡೇ ನಾ ಕಟ್ಟಿದ್ದು," ಎಂದ ಇವನು.

ಬಿದ್ದು ಬಿದ್ದು ನಕ್ಕರು. ಅಲ್ಲಿಂದ ಮುಂದೆ ಸಾಹೇಬರು ಕೇಳಬೇಕಾಗಲೇ ಇಲ್ಲ. ಒಬ್ಬರ ಹೊಲದ ಮೇಲೆ ಇನ್ನೊಬ್ಬರು ಕಾಳಿಟ್ಟರು. ಸಂಜೆಯ ಹೊತ್ತಿಗೆ ಬಂಡೆಯ ಮೇಲಿನ ಊರು ಮುಕ್ಕಾಲು ಪಾಲು ನೆಲ್ಲಾಗಿತ್ತು. ಬೋರಿಂಗನ್ನು ಕಾಳಿಲ್ಲದ ಕಡೆ ಹಾಕಿದೆವು. ಕೆಲವು ವರ್ಷಗಳಲ್ಲಿ ಹೊಲಗಳು ಆ ಬಂಡೆಯ ಮೇಲೆ ಕಾಳಿಟ್ಟಂತೆಯೇ ನೆಲ್ಲಾದವು. ಬೋರಿಂಗ್ ನೀರು ಸಿಹಿಯಾಗಿಯೇ ಉಳಿಯಿತು.

ಹೊಸಬರಿಗೆ ನಾನು ಈಗ ಹೇಳುವುದು ಇದೇ. ಮನುಷ್ಯ ತನ್ನ ಬಗ್ಗೆ ಹೇಳುವಾಗ ಏನು ಮಾಡಬೇಕೋ ಅದನ್ನು ಹೇಳುತ್ತಾನೆ. ಪಕ್ಕದವನ ಬಗ್ಗೆ ಹೇಳುವಾಗ ಏನು ಮಾಡುತ್ತಾನೋ ಅದನ್ನು ಹೇಳುತ್ತಾನೆ. ಯೋಜನೆಗೆ ಬೇಕಾದದ್ದು ಎರಡನೆಯದು.

ಸಾಹೇಬರ ಇನ್ನೊಂದು ಪದ್ಧತಿ ಇದಕ್ಕಿಂತ ಕಠಿಣ. ವರ್ಷಕ್ಕೊಮ್ಮೆ, ಕಾಲುವೆಗೆ ನೀರು ಬಿಡುವ ಮೊದಲು, ಎಲ್ಲರನ್ನೂ ಸಿಂಧನೂರಿಗೆ ಕರೆಸುತ್ತಿದ್ದರು. ಹಿಂದೆ ನಾವು ಏನಾಗುತ್ತದೆ ಎಂದು ಹೇಳಿದ್ದೆವು, ನಿಜವಾಗಿ ಏನಾಯಿತು ಎಂದು ಒಬ್ಬೊಬ್ಬರೇ ಎದ್ದು ಹೇಳಬೇಕು. ತಪ್ಪಿದವರನ್ನು ಬೈಯುತ್ತಿರಲಿಲ್ಲ. ಯಾಕೆ ತಪ್ಪಿತು ಎಂದು ಮಾತ್ರ ಕೇಳುತ್ತಿದ್ದರು. ಟ್ರ್ಯಾಕ್ಟರು ಬಂದ ಮೇಲೆ ಎತ್ತುಗಳು ಹೋಗುತ್ತವೆ, ಆದ್ದರಿಂದ ಇನ್ನು ದನದ ದವಾಖಾನೆ ಬೇಡ ಎಂದು ನಾವೆಲ್ಲ ಒಮ್ಮತದಿಂದ ಹೇಳಿದ್ದೆವು. ಎತ್ತು ಹೋದದ್ದು ನಿಜ. ಆದರೆ ನೆಲ್ಲಿನ ಹುಲ್ಲು ರಾಶಿ ಬಿತ್ತು, ಸಿಂಧನೂರಿನ ಹೋಟೆಲುಗಳಿಗೆ ಹಾಲು ಬೇಕಾಯಿತು, ಮನೆ ಮನೆಗೂ ಎಮ್ಮೆ ಬಂತು. ದವಾಖಾನೆಯ ಮುಂದೆ ಸಾಲು ನಿಂತಿತು. ಎತ್ತು ಹೋಗುತ್ತದೆ ಎಂದವರು ಅಲ್ಲಿಗೇ ನಿಂತರು, ಆಮೇಲೆ ಏನು ಎಂದು ಕೇಳಲಿಲ್ಲ ಎಂದರು ಸಾಹೇಬರು. ಅಂದಿನಿಂದ ನಮ್ಮ ಸಭೆಗಳಲ್ಲಿ ಯಾರು ಏನು ಹೇಳಿದರೂ ಹಿಂದಿನ ಸಾಲಿನಿಂದ ಯಾರಾದರೊಬ್ಬರು "ಆಮ್ಯಾಲೆ?" ಎನ್ನುತ್ತಿದ್ದರು. ಮೊದಲು ತಮಾಷೆಗೆ, ಆಮೇಲೆ ನಿಜಕ್ಕೂ.

ಅಂಥ ಒಂದು ಸಭೆಯಲ್ಲಿ ನಮ್ಮ ಊರಿನ ಹೊಸ ಮನೆಗಳ ಮಾತು ಬಂತು. ಬಸಿ ನೀರಿನ ಭಯವಿಲ್ಲ ಎಂದು ಬರೆದಿದ್ದಿರಿ, ಈಗ ನೆಲ ಹಸಿಯಾಗಿದೆಯಂತಲ್ಲ, ಯಾಕೆ ಎಂದು ಸಾಹೇಬರು ನನ್ನನ್ನು ಕೇಳಿದರು. ಬೈಯುವುದಿಲ್ಲ ಎಂದು ಗೊತ್ತಿತ್ತು, ಆದರೆ ಸುತ್ತ ಪರಿಚಯದವರೇ ಕೂತಿದ್ದರು.

"ಮಳಿ ನೀರು ನಿಂತು ಹಂಗಾಗೈತ್ರಿ," ಎಂದೆ.

ಸಾಹೇಬರು ನಂಬಿದರು. ಮಳೆ ನೀರಿಗೆ ಮನೆಗಳ ಮುಂದೆ ಗಟಾರ ಕಟ್ಟಿಸಿದರು. ನೆಲದ ನೀರು ಅದರಲ್ಲೂ ಎದ್ದು ನಿಂತು ಸೊಳ್ಳೆಯಾಯಿತು. ನಾಲ್ಕಾರು ಮನೆಯವರು ಬಿಟ್ಟು ಹಳೆಯ ಗುಡಿಸಲಿಗೆ ಹೋದರು. ಗಂಗಮ್ಮ ಹೋಗಲಿಲ್ಲ. ಒಂದು ದಿನ ಸಿಂಧನೂರಿನ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಳು. "ಮ್ಯಾಲಿಂದ ಬೀಳೂ ನೀರಿಗೆ ದಾರಿ ಮಾಡಿದ್ರಿ. ಕೆಳಗಿಂದ ಏಳೂ ನೀರಿಗೆ ಏನ್ ಮಾಡ್ತೀರಿ?" ಎಂದಳು. ನಾನು ಬಸ್ಸು ಬಂತೆಂದು ಹೇಳಿ ಸರಿದೆ. ಬಸ್ಸು ಬಂದಿರಲಿಲ್ಲ.

ತೊಂಬತ್ತರ ದಶಕದಲ್ಲಿ ಮಂಡಲಗಳು ಹೋಗಿ ಗ್ರಾಮ ಪಂಚಾಯಿತಿಗಳು ಬಂದವು. ನನ್ನನ್ನು ಮಸ್ಕಿ ಕಡೆಯ ಒಂದು ಪಂಚಾಯಿತಿಗೆ ಕಾರ್ಯದರ್ಶಿ ಮಾಡಿ ಕಳಿಸಿದರು. ಅಲ್ಲಿಯೂ ಮನೆಯಿಲ್ಲದವರಿಗೆ ಜಾಗ ಆರಿಸುವ ಕೆಲಸ ಎದುರಾಯಿತು. ಅಲ್ಲಿಯೂ ಎರಡೇ ಜಾಗ. ಹಳ್ಳದ ದಂಡೆಯ ಸಮ ನೆಲ, ಇಲ್ಲವೆ ದೂರದ ಎತ್ತರದ ಮರಡಿ. ಸಮ ನೆಲದ ಮೇಲ್ಗಡೆ ಆಗ ಸಜ್ಜೆ, ತೊಗರಿ ಇತ್ತು. ಆದರೆ ಹಳ್ಳಕ್ಕೆ ಪಂಪು ಇಡುವುದು ಶುರುವಾಗಿತ್ತು.

ಗ್ರಾಮಸಭೆ ಕೂಡಿತು. ಎಲ್ಲರಿಗೂ ಸಮ ನೆಲವೇ ಬೇಕಾಗಿತ್ತು. ನಾನು ಶಂಕ್ರಪ್ಪ ಸಾಹೇಬರ ಪ್ರಶ್ನೆ ಕೇಳಿದೆ. ಮೇಲಿನ ಹೊಲದವರು ನೆಲ್ಲು ಹಚ್ಚುತ್ತಾರೆಯೇ, ಪಕ್ಕದವರು ಹೇಳಿ ಎಂದೆ. ಅಲ್ಲಿಯ ಸದಸ್ಯ ಅಮರಪ್ಪ ಮೇಲಿನ ಹೊಲದವರಲ್ಲೊಬ್ಬ. ಬಾಯಿ ಬಿಚ್ಚಿ ಮಾತಾಡುವ ಮನುಷ್ಯ, ಯಾರನ್ನೂ ಬಿಡುತ್ತಿರಲಿಲ್ಲ.

"ನಮ್ಮ ಮಂದಿ ಒಬ್ಬರ ಮ್ಯಾಲೊಬ್ಬರು ಚಾಡಿ ಹೇಳಬೇಕೇನ್ರೀ ಸೆಕ್ರೆಟ್ರಿ ಸಾಹೇಬ್ರ? ಮೊದ್ಲ ನೀವ ಹೇಳ್ರಿ. ನಿಮ್ಮೂರಾಗ ನಿಮ್ಮ ಮಗ್ಗಲಾದವ ಏನ್ ಮಾಡ್ಯಾನ?"

ಎಲ್ಲರೂ ನಕ್ಕರು. ಅವನು ಸುಮ್ಮನೆ ಚುಚ್ಚಲು ಕೇಳಿದ್ದು, ನನ್ನ ಸಂಗತಿ ಅವನಿಗೆ ಗೊತ್ತಿರಲಿಲ್ಲ. ನಾನೂ ನಕ್ಕು ಮುಂದೆ ಹೋಗಬಹುದಿತ್ತು. ಎದುರಿಗೆ ಮನೆ ಸಿಗಬೇಕಾದವರು ಕೂತಿದ್ದರು. ಒಬ್ಬ ಮುದುಕಿ ಕುಳಿತಲ್ಲೇ ನೆಲವನ್ನು ಕೈಯಿಂದ ಸವರುತ್ತಿದ್ದಳು, ಸುಮ್ಮನೆ, ಅಭ್ಯಾಸಕ್ಕೆ. ನನಗೆ ಗಂಗಮ್ಮನ ಅರಿವೆ ನೆನಪಾಯಿತು.

"ನನ್ನ ಮಗ್ಗಲಾದವ ನಮ್ಮಣ್ಣ," ಎಂದೆ. "ನೆಲ್ಲು ಹಚ್ಯಾನ. ಮಡಿ ಕಟ್ಟೂಮುಂದ ಹಗ್ಗ ಹಿಡದಾಂವ ನಾನ. ಕೆಳಗ ಬಡವರ ಮನಿ ಆಗೂದಿತ್ತು. ನೀರು ಬರಂಗಿಲ್ಲ ಅಂತ ಬರದೆ. ಬಂತು. ಮಳಿ ನೀರು ಅಂತ ಸುಳ್ಳು ಹೇಳಿದೆ. ಇವತ್ತಿಗೂ ಆ ಮನಿ ಒಣಗಿಲ್ಲ."

ಅಮರಪ್ಪ ತಲೆ ಕೆರೆದುಕೊಂಡ. ಆಮೇಲೆ ಅವನೇ ಹೇಳಿದ: "ನನ್ನ ಮಗ್ಗಲಾದವನ್ನ ಯಾಕ ಹೇಳ್ಲಿ. ನಾನ ಹಚ್ತೀನಿ. ಪಂಪು ಬುಕ್ ಮಾಡೀನಿ."

ಮನೆಗಳು ಮರಡಿಯ ಮೇಲಾದವು. ನೀರು ಹೊರಬೇಕಲ್ಲ ಎಂದು ಹೆಂಗಸರು ನನಗೆ ಬೇಕಾದಷ್ಟು ಬೈದರು. ಅದು ನ್ಯಾಯವೇ. ಮೊದಲು ನಲ್ಲಿ ಅಲ್ಲಿಗೆ ಹೋಗುವಂತೆ ನೋಡಿಕೊಂಡೆವು. ಹಳ್ಳದ ದಂಡೆಯೆಲ್ಲ ನೆಲ್ಲಾದ ಮೇಲೆ ಬೈಗುಳ ನಿಂತಿತು.

ಆ ಸಭೆಯ ಮರುವಾರ ನಾನು ರಾಯಚೂರಿನ ಬಸ್ಸು ಹತ್ತಿದೆ. ಶಂಕ್ರಪ್ಪ ಸಾಹೇಬರು ಆಗ ಅಲ್ಲಿದ್ದರು. ಎಲ್ಲ ಹೇಳಿದೆ.

"ಮೊದಲನೇ ತಪ್ಪಿಗೆ ನನಗ ಸಿಟ್ಟಿಲ್ಲ," ಎಂದರು. "ಎರಡನೇದಕ್ಕ ಐತಿ. ನೀ ಮಳಿ ನೀರು ಅಂದಿ, ನಾನು ಅದರಿಂದ ಪಾಠ ಕಲತೆ. ಇನ್ನೂ ಎರಡೂರಾಗ ಅದೇ ಗಟಾರ ಕಟ್ಟಿಸೀನಿ."

ಇದನ್ನು ನಾನು ಯೋಚಿಸಿಯೇ ಇರಲಿಲ್ಲ. ಮುಂದಿನದನ್ನು ಹೇಳುವಾಗ ತಪ್ಪುವುದು ಸಹಜ. ಆದರೆ ಹೇಗೆ ತಪ್ಪಿತು ಎಂಬುದರಲ್ಲಿ ಸುಳ್ಳು ಹೇಳಿದರೆ, ಆ ಸುಳ್ಳು ಮುಂದಿನ ಊರುಗಳಿಗೂ ಹೋಗುತ್ತದೆ. ನನ್ನ ಒಂದು ಮಾತು ನಾನು ಕಾಣದ ಮನೆಗಳಿಗೂ ಸೊಳ್ಳೆ ತಂದಿತ್ತು.

ಆಮೇಲೆ ಸಾಹೇಬರು ಕೆಲಸದ ಮಾತಿಗೆ ಬಂದರು. ಮನೆಗಳಿಗೂ ನೆಲ್ಲಿಗೂ ನಡುವೆ ಆಳವಾದ ಬಸಿಗಾಲುವೆ ತೋಡಿದರೆ ನೆಲ ಒಣಗುತ್ತದೆ. ತೋಡಿಸುವ ವ್ಯವಸ್ಥೆ ಅವರು ಮಾಡಿಸುತ್ತಾರೆ, ಆ ಎರಡೂರಿಗೂ ಮಾಡಿಸುತ್ತಾರೆ. ಆದರೆ ನಮ್ಮೂರಿನಲ್ಲಿ ಅದು ನಮ್ಮ ಹೊಲದಲ್ಲೇ ಹೋಗಬೇಕು. ನಿಮ್ಮಣ್ಣ ಒಪ್ಪುತ್ತಾನೆಯೇ ಎಂದು ಕೇಳಿದರು. ಒಪ್ಪುವುದಿಲ್ಲ ಎಂದೆ. ಈ ಸಲ ಯೋಚಿಸದೆ ಹೇಳಿದೆ, ನಿಜ ಹೇಳಿದೆ.

ಅಣ್ಣ ಒಪ್ಪಲಿಲ್ಲ. "ಮಂದಿ ಮನಿ ಒಣಗಸಾಕ ನನ್ನ ಹೊಲ ಸೀಳ್ತೀಯೇನಲೇ?" ಎಂದ. ಹಾಗಾದರೆ ಪಾಲು ಮಾಡು, ಕೆಳಗಿನ ಪಟ್ಟಿ ನನಗೆ ಕೊಡು ಎಂದೆ. ಕೆಳಗಿನದು ಸವಳು ಹಿಡಿದದ್ದು. ಅವನು ನನ್ನ ಮುಖ ನೋಡಿದ. ಮೋಸ ಹುಡುಕಿದ, ಸಿಗಲಿಲ್ಲ. ಹುಚ್ಚ ಎಂದು ಹೇಳಿ ಒಪ್ಪಿದ. ನನ್ನ ಹೆಂಡತಿ ಹಲವು ದಿನ ಮಾತು ಬಿಟ್ಟಳು. ಅವಳ ಮನಸ್ಸಿಗೆ ಆದ ನೋವು ನನ್ನ ಲೆಕ್ಕಕ್ಕೇ ಸೇರಬೇಕು.

ನನ್ನ ಪಟ್ಟಿಯಲ್ಲಿ ಬಸಿಗಾಲುವೆ ಆಯಿತು. ಮೊದಲ ವರ್ಷ ಏನೂ ಕಾಣಲಿಲ್ಲ. ಎರಡನೆಯ ಬೇಸಿಗೆಗೆ ಗೋಡೆಯ ಉಪ್ಪು ಉದುರತೊಡಗಿತು. ಬಿಟ್ಟು ಹೋದವರಲ್ಲಿ ಕೆಲವರು ತಿರುಗಿ ಬಂದರು. ಆಗ ಗಂಗಮ್ಮನ ಮನೆಗೆ ಹೋಗಿ, ನಡೆದದ್ದನ್ನು ಒಂದೂ ಬಿಡದೆ ಹೇಳಿದೆ. ಅವಳು ಕೆಲಸ ನಿಲ್ಲಿಸದೆ ಕೇಳಿದಳು.

"ಗೊತ್ತಿತ್ರೀ," ಎಂದಳು. "ಹಚ್ಚಾವ್ರು ನಾವಲ್ಲ? ನೀವ ಹೇಳ್ತೀರೇನು ಅಂತ ಕಾಯಾಕತ್ತಿದ್ದೆ." ಆಮೇಲೆ ಕೈ ಒರೆಸಿಕೊಂಡು ಕೇಳಿದಳು. "ಈಗ ಒಂದು ಹೇಳ್ರಿ. ಬಸಿಗಾಲುವಿ ಕಡೆ ನಿಮ್ಮಣ್ಣಾರು ಬದು ಸರಸ್ತಾರೇನು? ಸರಿಸಿದ್ರ ಕಾಲುವಿ ಮುಚ್ಚತೈತಿ."

ಅವನನ್ನೇ ಕೇಳಬೇಕಲ್ಲ ಎಂದೆ.

"ಅವ್ರನ್ನ ಕೇಳಿದ್ರ ಇಲ್ಲಂತಾರ. ಮಗ್ಗಲ ಹೊಲದಾವ್ರು ಈಗ ನೀವಲ್ರೀ. ನೀವ ಹೇಳ್ರಿ."

ಶಂಕ್ರಪ್ಪ ಸಾಹೇಬರ ಪ್ರಶ್ನೆ ಅವಳವರೆಗೂ ಹೋಗಿತ್ತು.

"ಸರಸ್ತಾನ, ಗಂಗಮ್ಮ," ಎಂದೆ. "ವರ್ಷಕ್ಕ ಒಂದು ಗೇಣು."

"ಹಂಗಾದ್ರ ನೀರು ಬಿಡೂಕಿಂತ ಮೊದ್ಲ ವರ್ಷಾ ಬರ್ರಿ. ನಾವೂ ಸಲಿಕಿ ತರ್ತೀವಿ."

ಅಂದಿನಿಂದ ವರ್ಷ ವರ್ಷವೂ ಹೋಗುತ್ತೇನೆ. ಅಣ್ಣ ಬದು ಸರಿಸಿರುತ್ತಾನೆ, ನಾವು ಹಿಂದಕ್ಕೆ ಹಾಕುತ್ತೇವೆ. ಈಗ ಸರಿಸುವವನು ಅವನ ಮಗ. ಹಗ್ಗ ಹಿಡಿಯುವಾಗ ಒಂದು ತುದಿ ನನ್ನ ಕೈಯಲ್ಲಿ, ಇನ್ನೊಂದು ಗಂಗಮ್ಮನ ಕೈಯಲ್ಲಿ.

ಈ ವರ್ಷವೂ ಹೋಗಿದ್ದೆ. ಬದು ಒಂದು ಗೇಣು ಬಂದಿತ್ತು. ಅವಳ ಒಳಕಲ್ಲಿನಲ್ಲಿ ಒಣ ಮೆಣಸಿನಕಾಯಿ, ಉಪ್ಪು ಇದ್ದವು. ನೀರಿರಲಿಲ್ಲ.